ಹೂಂಗುಟ್ಟಿ ಕಟ್ಟಿದ ಐರ್ಲೆಂಡು

ನನ್ನ ತಮ್ಮ ಬಿಸಿಲಿಗೆ ಹೋದರೆ ಕಪ್ಪಾಗುವುದಿಲ್ಲ, ಕೆಂಪಾಗುತ್ತಾನೆ. ಮಸ್ಕತ್ತಿನಲ್ಲಿ ಇರುವವರಿಗೆ ಇದು ಸಣ್ಣ ತೊಂದರೆಯಲ್ಲ. ಕಾರಿನಿಂದ ಇಳಿದು ಅಂಗಡಿಯ ಬಾಗಿಲು ಸೇರುವಷ್ಟರಲ್ಲಿ ಅವನ ಮೂಗು ಟೊಮೆಟೊ ಹಣ್ಣಿನಂತಾಗಿರುತ್ತದೆ. ಬೇರೆ ಯಾರಾದರೂ ಆಗಿದ್ದರೆ ಒಂದು ಟೋಪಿ ಕೊಂಡುಕೊಳ್ಳುತ್ತಿದ್ದರು. ಇವನು ಮನೆಗೆ ಬಂದು ಕನ್ನಡಿಯ ಮುಂದೆ ನಿಂತು, ಮೂಗನ್ನು ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿ, "ಅಕ್ಕಾ, ನೋಡಿಲ್ಲೆ. ರಕ್ತ ಸುಮ್ಮ ಕುಂಡ್ರೂದಿಲ್ಲ" ಎಂದು ಹಿಗ್ಗುತ್ತಾನೆ.

ರಕ್ತ ಎಂದರೆ ಐರ್ಲೆಂಡಿನ ರಕ್ತ. ನಮ್ಮ ಅಪ್ಪನ ತಾಯಿಯ ತಂದೆ ಐರ್ಲೆಂಡಿನವನು. ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಗೆ ಬಾಯ್ಲರ್ ಕೆಲಸಕ್ಕೆಂದು ಬಂದು, ಅಲ್ಲಿಯ ಹೆಣ್ಣನ್ನೇ ಮದುವೆಯಾಗಿ, ಅಲ್ಲಿಯೇ ಮಣ್ಣಾದ. ನಾವು ಅವನನ್ನು ಮುತ್ಯಾ ಅನ್ನುತ್ತೇವೆ. ಅವನ ಒಂದು ಫೋಟೊ ಇಲ್ಲ, ಒಂದು ಕಾಗದವಿಲ್ಲ. ಅವನಿಂದ ನಮಗೆ ಬಂದದ್ದು ಮೂರೇ: ಅಜ್ಜಿಯ ಬೆಕ್ಕಿನ ಕಣ್ಣು, ತಮ್ಮನ ಮೂಗು, ಮತ್ತು ಕತೆಗಳು. ಕಣ್ಣು ಅಜ್ಜಿಯ ಜೊತೆಗೇ ಹೋಯಿತು. ಮೂಗು ಈಗ ಮಸ್ಕತ್ತಿನ ಅಲ್ ಖೌದ್‌ನಲ್ಲಿದೆ. ಕತೆಗಳನ್ನು ಕಾಯುವ ಕೆಲಸ ನನ್ನದಾಗಿತ್ತು. ನಾನು ಕಾಯಲಿಲ್ಲ. ಅದನ್ನು ಒಪ್ಪಿಕೊಳ್ಳುವುದಕ್ಕೇ ಇಲ್ಲಿ ಬರೆಯಲು ಕುಳಿತಿದ್ದೇನೆ.

ಅದು ಆದದ್ದು ಹೀಗೆ. ನಾನು ಏಳನೇ ಇಯತ್ತೆಯಲ್ಲಿದ್ದಾಗ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಅವ್ವ ಆಸ್ಪತ್ರೆಯಲ್ಲಿ ಆಯಾ. ಅಪ್ಪನದು ಪಾಳಿಯ ಕೆಲಸ. ಮನೆಯಲ್ಲಿದ್ದಾಗಲೂ ಅವನಿಗೆ ತನ್ನ ತಾಯಿಯ ಕತೆ ಕೇಳುವ ತಾಳ್ಮೆ ಇರಲಿಲ್ಲ. ತಮ್ಮನಿಗೆ ಐದು ವರ್ಷ. ಹಾಗಾಗಿ ನನ್ನ ಶಾಲೆ ನಿಂತಿತು. ಮಧ್ಯಾಹ್ನ ಊಟವಾದ ಮೇಲೆ ಅಜ್ಜಿ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ನಾನು ಕಾಲು ಒತ್ತುತ್ತಿದ್ದೆ. ಅವಳು ತನ್ನ ಅಪ್ಪನ ಊರಿನ ಕತೆ ಹೇಳುತ್ತಿದ್ದಳು. ಕತೆ ಕೇಳುವವರು ಹೂಂಗುಟ್ಟಬೇಕು, ಅದು ನಿಯಮ. ಹೂಂ ಬರಲಿಲ್ಲವೆಂದರೆ ಅಜ್ಜಿ ಅಲ್ಲಿಯೇ ಕತೆ ನಿಲ್ಲಿಸಿ, ಗಟ್ಟಿಯಾಗಿದ್ದ ಕಾಲಿನಿಂದ ಒಂದು ಒದೆ ಕೊಡುತ್ತಿದ್ದಳು.

ಅದೇ ಹೊತ್ತಿಗೆ ಓಣಿಯಲ್ಲಿ, ಬೆಳಗಿನ ಶಾಲೆ ಮುಗಿಸಿ ಬಂದ ನನ್ನ ಗೆಳತಿಯರು ಕುಂಟಾಬಿಲ್ಲೆ ಆಡುತ್ತಿದ್ದರು. ಬಿಲ್ಲೆ ಗೆರೆಯ ಮೇಲೆ ಬಿತ್ತೋ ಒಳಗೆ ಬಿತ್ತೋ ಎಂಬ ಜಗಳ ಕಿಟಕಿಯಿಂದ ಸ್ಪಷ್ಟವಾಗಿ ಕೇಳುತ್ತಿತ್ತು. ನನ್ನ ಎರಡೂ ಕಿವಿ ಅಲ್ಲಿ. ಬಾಯಿ ಮಾತ್ರ ಅಜ್ಜಿಯ ಹತ್ತಿರ. ಕೆಲವೇ ದಿನಗಳಲ್ಲಿ ನಾನು ಕೇಳದೆಯೇ ಹೂಂಗುಟ್ಟುವುದನ್ನು ಕಲಿತೆ. ಅದಕ್ಕೆ ಅಜ್ಜಿಯ ಕಾಲ್ಬೆರಳು ನೋಡಿದರೆ ಸಾಕಿತ್ತು. ಬೆರಳು ಮಡಿಚಿಕೊಂಡರೆ ಕತೆಯಲ್ಲಿ ಯಾರಿಗೋ ಆಪತ್ತು ಬಂದಿದೆ, "ಅಯ್ಯ, ಮುಂದ?" ಅನ್ನಬೇಕು. ಬೆರಳು ಬಿಡಿಸಿಕೊಂಡರೆ ಆಪತ್ತು ಕಳೆಯಿತು, ಒಂದು ಉದ್ದನೆಯ ಹೂಂ. ಪಾದ ಅಲ್ಲಾಡಿದರೆ ನಗುವ ಜಾಗ. ಮೂರು ವರ್ಷ, ದಿನಾ ಮಧ್ಯಾಹ್ನ, ನಾನು ಅಜ್ಜಿಯ ಕಾಲು ನೋಡಿಕೊಂಡು ಐರ್ಲೆಂಡಿನ ಕತೆ ಕೇಳಿದೆ. ನನ್ನಷ್ಟು ಗಮನವಿಟ್ಟು ಕತೆ ಕೇಳುವ ಹುಡುಗಿ ಹುಬ್ಬಳ್ಳಿಯಲ್ಲೇ ಇಲ್ಲ ಎಂದು ಅಜ್ಜಿ ಬಂದವರಿಗೆಲ್ಲ ಹೇಳುತ್ತಿದ್ದಳು.

ಸಾಯುವ ವಾರ ಅವಳು ನನ್ನ ಕಿವಿ ಹಿಡಿದುಕೊಂಡು, "ಎಲ್ಲಾ ಇದರಾಗ ತುಂಬೇನಿ. ಹುಡುಗ ದೊಡ್ಡಾಂವ ಆದಮ್ಯಾಲೆ ಅವಂಗ ಕೊಡು. ಒಂದೂ ಬಿಡಬ್ಯಾಡ" ಎಂದಳು.

"ಹೂಂ," ಅಂದೆ.

ತಮ್ಮನಿಗೆ ಹತ್ತು ವರ್ಷವಾದಾಗ ಒಂದು ದಿನ ನೋಟುಬುಕ್ಕು, ಪೆನ್ಸಿಲ್ಲು ಹಿಡಿದುಕೊಂಡು ಒಲೆಯ ಹತ್ತಿರ ಬಂದು ಕುಳಿತ.

"ಅಕ್ಕಾ, ಮುತ್ಯಾ ಸಣ್ಣಾಂವ ಇದ್ದಾಗ ಏನ ತಿಂತಿದ್ದ?"

ನಾನು ತಲೆಯೊಳಗೆ ಹುಡುಕಿದೆ. ಅಲ್ಲಿ ಸೀಮೆಸುಣ್ಣದಲ್ಲಿ ಬರೆದ ಕುಂಟಾಬಿಲ್ಲೆಯ ಮನೆಗಳು ಬಿಟ್ಟರೆ ಬೇರೇನೂ ಇರಲಿಲ್ಲ. ಕೈಯಲ್ಲಿ ರೊಟ್ಟಿಯ ಹಿಟ್ಟಿತ್ತು.

"ರೊಟ್ಟಿ," ಅಂದೆ.

"ಪಲ್ಯಾ?"

"ಬದನಿಕಾಯಿ."

ಬರೆದುಕೊಂಡ. ಅವನ ಮುಖ ಅರಳಿದ್ದನ್ನು ನೋಡಬೇಕಿತ್ತು. ಐರ್ಲೆಂಡಿನಲ್ಲಿ ಬದನೆಕಾಯಿ ಎಣ್ಣೆಗಾಯಿ ಮಾಡುತ್ತಾರೆಂದು ತಿಳಿದುಕೊಂಡ ಮೊದಲ ಮನುಷ್ಯ ಅವನೇ ಇರಬೇಕು.

ಅವತ್ತೇ "ನನಗ ನೆನಪಿಲ್ಲೋ" ಅಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ನಾನು ಅದಕ್ಕಾಗಿ ಶಾಲೆ ಬಿಟ್ಟವಳು ಎಂದು ಮನೆಯವರೆಲ್ಲ ನಂಬಿದ್ದರು. ಶಾಲೆಯೂ ಹೋಯಿತು, ಕತೆಯೂ ಇಲ್ಲ ಎಂದರೆ ಆ ಮೂರು ವರ್ಷ ನಾನು ಮಾಡಿದ್ದಾದರೂ ಏನು? ಅದನ್ನು ಹೇಳುವ ಧೈರ್ಯ ಬರಲಿಲ್ಲ. ಅವನು ಕೇಳುತ್ತ ಹೋದ, ನಾನು ಕಣ್ಣಿಗೆ ಬಿದ್ದದ್ದನ್ನು ಕೊಡುತ್ತ ಹೋದೆ. ತಮ್ಮ ಕೂಸಾಗಿದ್ದಾಗಲೇ ತೀರಿಕೊಂಡಿದ್ದ ನಮ್ಮ ಓಣಿಯ ಒಂದೇ ಕಿವಿಯ ಕ್ಷೌರಿಕನನ್ನು ಐರ್ಲೆಂಡಿಗೆ ಕಳಿಸಿದೆ. ಕ್ರಿಸ್‌ಮಸ್ ಪ್ರಾರ್ಥನೆಯ ನಡುವೆ ಚರ್ಚಿಗೆ ನುಗ್ಗಿ ಪಾದ್ರಿಯ ಹೂಮಾಲೆ ತಿಂದ ಎಮ್ಮೆಯನ್ನೂ ಕಳಿಸಿದೆ, ಅದೂ ತಮ್ಮ ಹುಟ್ಟುವ ಮೊದಲಿನದು. ಕೆರೆ, ಗಿರಣಿ, ಪಕ್ಕದ ಮನೆಯ ಜಗಳಗಂಟಿ, ಎಲ್ಲರೂ ಸಾಮಾನು ಕಟ್ಟಿಕೊಂಡು ಹೋದರು. ನಮ್ಮ ಮುತ್ಯಾ ಒಬ್ಬನೇ ಐರ್ಲೆಂಡಿನಿಂದ ಹುಬ್ಬಳ್ಳಿಗೆ ಬಂದ. ಅದಕ್ಕೆ ಬದಲಾಗಿ ನಾನು ಅರ್ಧ ಹುಬ್ಬಳ್ಳಿಯನ್ನೇ ಅಲ್ಲಿಗೆ ಸಾಗಿಸಿದೆ.

ಅವನು ಡಿಪ್ಲೊಮಾ ಓದುವಾಗ ಎಲ್ಲಿಂದಲೋ ಒಂದು ನಕ್ಷೆ ತಂದು ನೆಲದ ಮೇಲೆ ಹಾಸಿದ.

"ಈಗ ಊರಿನ ಹೆಸರು ಹೇಳು. ಇದರಾಗ ಹುಡುಕೂಣು."

ಎಮ್ಮೆ, ಕ್ಷೌರಿಕ ಎಲ್ಲ ಸರಿ. ನಕ್ಷೆಯ ಮೇಲೆ ಸುಳ್ಳು ಹೇಳುವುದು ಕಷ್ಟ. ನಾನು ಗಂಟಲು ಸರಿಮಾಡಿಕೊಂಡು, "ಅದನ್ನ ಈಗ ಹೇಳಾಕ ಬರೂದಿಲ್ಲ. ಅಜ್ಜಿ ಆಣಿ ಹಾಕ್ಯಾಳ. ನಮ್ಮೊಳಗ ಯಾರರ ಆ ಊರಿಗೆ ಹೊಂಟಾಗಷ್ಟ ಹೇಳಬೇಕಂತ" ಎಂದೆ.

ಅವನು ನಕ್ಷೆಯನ್ನು ಭಕ್ತಿಯಿಂದ ಮಡಿಚಿಟ್ಟ. ನಾನು ನಿಶ್ಚಿಂತೆಯಾದೆ. ಧಾರವಾಡಕ್ಕೆ ಹೋಗುವುದಕ್ಕೇ ನಾಲ್ಕು ದಿನ ವಿಚಾರ ಮಾಡುವ ಮನೆ ನಮ್ಮದು. ಐರ್ಲೆಂಡಿಗೆ ಯಾರು ಹೋಗುತ್ತಾರೆ?

ಆಮೇಲೆ ಅವನು ಒಮಾನಿಗೆ ಬಂದ. ಅಲ್ ಖೌದ್‌ನ ವಿಶ್ವವಿದ್ಯಾಲಯದಲ್ಲಿ ಲ್ಯಾಬಿನ ಕೆಲಸ. ಮದುವೆಯಾಯಿತು, ಇಬ್ಬರು ಮಕ್ಕಳಾದರು. ಅವ್ವ, ಅಪ್ಪ ಹೋದ ಮೇಲೆ ನನ್ನನ್ನೂ ಕರೆಸಿಕೊಂಡ. ನಾನು ಮದುವೆಯಾಗಿರಲಿಲ್ಲ, ಹೊಲಿಗೆ ಚೆನ್ನಾಗಿ ಬರುತ್ತಿತ್ತು. ಅವರ ಮನೆಯ ಹಿಂದಿನ ರಸ್ತೆಯಲ್ಲಿ ಹೆಂಗಸರ ಟೇಲರಿಂಗ್ ಅಂಗಡಿ ಇಟ್ಟ ಒಮಾನಿ ಹೆಂಗಸು ನನಗೆ ವೀಸಾ ಕೊಟ್ಟಳು. ಮಾಲಕಿಯೂ ಅವಳೇ, ವೀಸಾದ ಹೊಣೆ ಹೊತ್ತ ಕಫೀಲ್ ಕೂಡ ಅವಳೇ.

ಇಲ್ಲಿ ತಮ್ಮನ ಐರ್ಲೆಂಡಿಗೆ ರೆಕ್ಕೆ ಬಂದಿತ್ತು. "ಎಲ್ಲಿಯವರು?" ಎಂದು ಯಾರು ಕೇಳಿದರೂ "ಇಂಡಿಯಾ, ಮೂಲ ಐರ್ಲೆಂಡ್" ಎನ್ನುತ್ತಿದ್ದ. ಕೆಳಗಿನ ಕಿರಾಣಿ ಅಂಗಡಿಯ ಬ್ಯಾರಿ ಯಜಮಾನರು ಅವನನ್ನು ಕಂಡ ಕೂಡಲೇ, "ಬನ್ನಿ ಬನ್ನಿ ಐರ್ಲೆಂಡ್ ಸಾಹೇಬ್ರೆ, ನಿಮ್ಮ ಊರಿನ ಬಟಾಟೆ ಬಂದುಂಟು" ಎಂದು ಕರೆಯುತ್ತಿದ್ದರು. ಚೀಲದ ಮೇಲೆ ಈಜಿಪ್ಟ್ ಎಂದು ಬರೆದಿರುತ್ತಿತ್ತು. ತಮ್ಮನಿಗೆ ಅದರಿಂದ ಬೇಸರವೇನೂ ಇರಲಿಲ್ಲ.

ನನಗೆ ಮಾತ್ರ ಸಂಕಟ ಶುರುವಾಯಿತು. ಹುಬ್ಬಳ್ಳಿಯ ಸರಕು ತೀರಿಹೋಗಿತ್ತು. ಅವನು ಈಗ ಮಕ್ಕಳನ್ನು ಕೂರಿಸಿಕೊಂಡು "ಅಕ್ಕಾ, ಹೊಸಾದೊಂದು ಹೇಳಬೇ" ಎನ್ನುತ್ತಿದ್ದ. ಬೇರೆ ದಾರಿ ಕಾಣದೆ ಒಮಾನಿಗೆ ಕೈ ಹಾಕಿದೆ. ಇಲ್ಲಿಯ ಹಳ್ಳಿಗಳಲ್ಲಿ ಬೆಟ್ಟದ ಬುಡದಿಂದ ಫಲಜ್ ಎಂಬ ಸಣ್ಣ ಕಾಲುವೆ ಬರುತ್ತದೆ. ಒಂದೊಂದು ತೋಟಕ್ಕೆ ಇಷ್ಟಿಷ್ಟು ಹೊತ್ತು ಎಂದು ಸರದಿಯ ಮೇಲೆ ನೀರು. ಅದನ್ನು ಐರ್ಲೆಂಡಿಗೆ ಕೊಟ್ಟೆ. ಮರ ಹತ್ತುವ ಮೇಕೆಗಳನ್ನು ಕೊಟ್ಟೆ. ಕೊನೆಗೆ ಇಬ್ರಾದ ಬುಧವಾರದ ಸಂತೆಯನ್ನೂ ಕೊಟ್ಟುಬಿಟ್ಟೆ. ಇಬ್ರಾ ಎಂಬ ಊರಿನಲ್ಲಿ ಬುಧವಾರ ಬೆಳಿಗ್ಗೆ ಹೆಂಗಸರಿಗೇ ಎಂದು ಒಂದು ಸಂತೆ ನಡೆಯುತ್ತದೆ. ಮಾರುವವರೂ ಹೆಂಗಸರು, ಕೊಳ್ಳುವವರೂ ಹೆಂಗಸರು, ಗಂಡಸರಿಗೆ ಪ್ರವೇಶವಿಲ್ಲ. ನನ್ನ ಮಾಲಕಿ ಬಟ್ಟೆ, ಜರಿಪಟ್ಟಿ ಕೊಳ್ಳಲು ಆಗಾಗ ಅಲ್ಲಿಗೆ ನನ್ನನ್ನು ಕರೆದುಕೊಂಡು ಹೋಗುತ್ತಿದ್ದಳು. ತಮ್ಮನಿಗೆ ಆ ವಿಷಯ ಗೊತ್ತಿರಲಿಲ್ಲ. "ಮುತ್ಯಾನ ಊರಾಗ ಬುಧವಾರಕ್ಕೊಮ್ಮೆ ಬರೇ ಹೆಂಗಸರ ಸಂತಿ. ಮುತ್ಯಾ ಹೊರಗ ಗ್ವಾಡಿಗೆ ಆತು ನಿಂತು ಅವರವ್ವನ ಹಾದಿ ಕಾಯ್ತಿದ್ದ" ಎಂದೆ. ತಮ್ಮ ಕಣ್ಣು ಒರೆಸಿಕೊಂಡ. ಎಂಟನೆಯ ನೋಟುಬುಕ್ಕಿನಲ್ಲಿ ಅದಕ್ಕೆ ಎರಡು ಪುಟ.

ಕಳೆದ ವರ್ಷ ಅವನ ರಜೆ ಮಂಜೂರಾಯಿತು. ಒಂದು ಸಂಜೆ ಹೆಂಡತಿ, ಮಕ್ಕಳ ಎದುರಿಗೆ ನನ್ನ ಮುಂದೆ ಬಂದು ನಿಂತ.

"ಅಕ್ಕಾ, ಬ್ಯಾಸಿಗಿ ಸೂಟಿಗೆ ಐರ್ಲೆಂಡಿಗೆ ಹೋಗೂದು ಪಕ್ಕಾ ಆತು. ಟಿಕೀಟು ತಗೀಬೇಕು. ಈಗ ಆಣಿ ಮುಗೀತು. ಹೆಸರು ಹೇಳು."

ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ನೀರು ಕುಡಿದೆ. ಮತ್ತೊಂದು ಲೋಟ ಕುಡಿದೆ.

"ಹಿಂಗ ನಿಂತ ನಿಂತಲ್ಲೆ ಹೇಳೂದಲ್ಲ ಅದು," ಅಂದೆ. "ಒಂದು ಬುಧವಾರ ನೋಡಿ ಹೇಳ್ತೀನಿ."

ಬುಧವಾರ ಯಾಕೆ ಎಂದು ನನಗೂ ಗೊತ್ತಿರಲಿಲ್ಲ. ಬಾಯಿಗೆ ಬಂತು.

ಆ ಬುಧವಾರಕ್ಕೆ ಮೊದಲಿನ ಶುಕ್ರವಾರ ಅವನು ಊಟಕ್ಕೆ ಒಬ್ಬರನ್ನು ಕರೆದ. ಅವನ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಕಲಿಸುವ ಟೀಚರು, ನನ್ನ ವಾರಿಗೆಯ ಹೆಂಗಸು, ಐರ್ಲೆಂಡಿನವಳು. ಕತೆಗಳನ್ನು ಕೇಳಿದರೆ ಆ ಊರು ಯಾವ ಕಡೆಯದು ಎಂದು ಅವಳು ಹೇಳಬಲ್ಲಳು ಎಂಬುದು ಅವನ ಲೆಕ್ಕ. ಬಾಗಿಲಲ್ಲಿ ನಿಂತವಳ ಮೂಗು ತಮ್ಮನ ಮೂಗಿನಷ್ಟೇ ಕೆಂಪಾಗಿತ್ತು. ಅವನ ಕೈ ತನ್ನ ಮೂಗಿಗೆ ಹೋಯಿತು.

ಊಟದ ನಂತರ ನೋಟುಬುಕ್ಕುಗಳು ಹೊರಬಂದವು. ಅವನು ಓದಿ ಓದಿ ಇಂಗ್ಲಿಷಿನಲ್ಲಿ ಹೇಳುತ್ತಿದ್ದ. ನನಗೆ ಇಂಗ್ಲಿಷ್ ಅರ್ಧ ತಿಳಿಯುತ್ತದೆ. ಅವತ್ತು ಬೇಕಾದದ್ದಕ್ಕಿಂತ ಹೆಚ್ಚೇ ತಿಳಿಯಿತು. ಎಮ್ಮೆ ಬಂದಾಗ ಟೀಚರು ಚಮಚ ಕೆಳಗಿಟ್ಟಳು. ಎಮ್ಮೆಯೇ? ತಮ್ಮ ನನ್ನತ್ತ ತಿರುಗಿದ.

"ಅಕ್ಕಾ, ಎಮ್ಮಿನೋ ಆಕಳೋ?"

"ಸ್ವಲ್ಪ ಕರ್ರಗಿತ್ತಂತ," ಅಂದೆ.

"ಕಪ್ಪು ಆಕಳು," ಎಂದು ತಮ್ಮ ತಿದ್ದಿಕೊಂಡ.

ಆಮೇಲೆ ಸರದಿಯ ನೀರು. ಟೀಚರು ಬಹಳ ಮೆಲ್ಲಗೆ, ತನ್ನ ದೇಶದಲ್ಲಿ ಮಳೆ ನಿಲ್ಲುವುದೇ ಅಪರೂಪ, ನೀರನ್ನು ಹಂಚಿಕೊಳ್ಳುವ ಜಗಳಕ್ಕಿಂತ ಪಕ್ಕದವನ ಹೊಲಕ್ಕೆ ಸಾಗಹಾಕುವ ಜಗಳವೇ ಹೆಚ್ಚು ಎಂದಳು. ನಾನು ಪಾಯಸ ತರಲು ಎದ್ದುಹೋದೆ. ಆಗಲೇ ಮೂರು ಸಲ ತಂದಿದ್ದೆ. ವಾಪಸು ಬಂದಾಗ ಹೆಂಗಸರ ಸಂತೆ ನಡೆದಿತ್ತು, ಟೀಚರು ಕುರ್ಚಿಯ ತುದಿಗೆ ಬಂದು ಕುಳಿತಿದ್ದಳು.

"ಇಂಥ ಬುಧವಾರದ ಸಂತೆ ಇಲ್ಲಿಯೂ ಇದೆಯಂತಲ್ಲ! ಇಬ್ರಾದಲ್ಲಿ. ನೋಡಬೇಕೆಂದು ನನಗೆ ಬಹಳ ದಿನದಿಂದ ಆಸೆ."

ತಮ್ಮ ಮೇಜು ಗುದ್ದಿದ. "ಕೇಳಿದೇನ ಅಕ್ಕಾ? ಇಲ್ಲೂ ಐತಂತ! ಅಲ್ಲೂ ಇಲ್ಲೂ ಒಂದ ಪದ್ಧತಿ! ಯಾವ ದಿನ ಅಂತೀ? ಬುಧವಾರ!" ಅವನು ಕುರ್ಚಿ ಬಿಟ್ಟು ಎದ್ದ. "ನೀ ಬುಧವಾರನ ಹೇಳ್ತೀನಿ ಅಂದಿದ್ದಿ. ಅಜ್ಜಿನ ನಿನ್ನ ಬಾಯಾಗ ಕುಂತು ಮಾತಾಡ್ಯಾಳ."

ಬುಧವಾರ ಅವರಿಬ್ಬರಿಗೂ ಸೆಮಿಸ್ಟರ್ ರಜೆ. ಬೆಳಿಗ್ಗೆ ಬೇಗ ತಮ್ಮನ ಕಾರಿನಲ್ಲಿ ಮೂವರೂ ಹೊರಟೆವು. ದಾರಿಯುದ್ದಕ್ಕೂ ಅವನು ಹಾಡು ಗುನುಗುತ್ತಿದ್ದ. ಟೀಚರು ಕಲ್ಲಿನ ಬೆಟ್ಟಗಳ ಫೋಟೊ ತೆಗೆಯುತ್ತಿದ್ದಳು. ನಾನು ಹಿಂದಿನ ಸೀಟಿನಲ್ಲಿ ಕುಳಿತು ಐರ್ಲೆಂಡಿನ ಊರಿನ ಹೆಸರು ಹೇಗಿರುತ್ತದೆ ಎಂದು ಯೋಚಿಸುತ್ತಿದ್ದೆ. ನನಗೆ ಹೊಳೆದ ಹೆಸರೆಲ್ಲ ಕೊಪ್ಪ, ಹಾಳ, ಗಟ್ಟಿ ಎಂದೇ ಮುಗಿಯುತ್ತಿದ್ದವು.

ಇಬ್ರಾದ ಸಂತೆಯ ಗೋಡೆಯ ಹತ್ತಿರ ತಮ್ಮ ಕಾರು ನಿಲ್ಲಿಸಿದ. "ನೀವು ಹೋಗ್ರಿ. ನಾ ಮುತ್ಯಾನಂಗ ಹೊರಗ ನಿಂತಿರ್ತೀನಿ. ಬಂದ ಮ್ಯಾಲೆ ಹೆಸರು ಹೇಳು," ಎಂದು ಎದೆಯುಬ್ಬಿಸಿ ಹೋಗಿ ಗೋಡೆಗೆ ಒರಗಿ ನಿಂತ.

ಒಳಗೆ ಎಂದಿನ ಗದ್ದಲ. ಬಣ್ಣದ ಬಟ್ಟೆಯ ಥಾನುಗಳು, ಸಾಂಬ್ರಾಣಿ, ಬೆಳ್ಳಿ ಬಳೆ, ಮಕ್ಕಳ ಅಂಗಿ. ಮೆಹಂದಿ ಮಾರುವ ಮುದುಕಿಯೊಬ್ಬಳ ಪರಿಚಯ ನನಗಿತ್ತು, ಅವಳ ಚಾಪೆಯ ತುದಿಯಲ್ಲಿ ಕುಸಿದು ಕುಳಿತೆ. ಟೀಚರು ಪಕ್ಕದಲ್ಲಿ ಕುಳಿತಳು. ನಮ್ಮಿಬ್ಬರಿಗೂ ಆಡಲು ಬರುತ್ತಿದ್ದ ಒಂದೇ ಭಾಷೆ ಎಂದರೆ ಮುರುಕಲು ಅರಬಿ. ಅವಳದು ಪುಸ್ತಕದ ಮುರುಕಲು, ನನ್ನದು ಸಂತೆಯ ಮುರುಕಲು.

"ಮುತ್ಯಾ ಕಲಾಮ್," ಅಂದೆ, "ಕುಲ್ಲು ಮಾಫಿ."

ಮುತ್ಯಾನ ಮಾತು ಎಲ್ಲ ಇಲ್ಲ. ಅಷ್ಟು ಹೇಳಿದ ಮೇಲೆ ಕಟ್ಟೆ ಒಡೆಯಿತು. ಅಜ್ಜಿಯ ಸೊಂಟ, ಕಾಲ್ಬೆರಳು, ಕುಂಟಾಬಿಲ್ಲೆ ಎಲ್ಲವನ್ನೂ ಗೊತ್ತಿದ್ದ ನೂರಿನ್ನೂರು ಅರಬಿ ಶಬ್ದಗಳಲ್ಲಿ ಹೇಳಿದೆ. ಕುಂಟಾಬಿಲ್ಲೆಗೆ ಶಬ್ದ ಸಿಗದೆ ಎದ್ದು ನಿಂತು ಒಂಟಿಕಾಲಿನಲ್ಲಿ ಕುಪ್ಪಳಿಸಿ ತೋರಿಸಿದೆ. ಸುತ್ತಲಿನ ಹೆಂಗಸರು ವ್ಯಾಪಾರ ಬಿಟ್ಟು ನೋಡಿದರು. ಮೆಹಂದಿ ಮುದುಕಿ "ಪಾಪ, ಕಾಲು ನೋವು" ಎಂದು ಎಣ್ಣೆಯ ಶೀಸೆ ಹುಡುಕತೊಡಗಿದಳು.

ಟೀಚರು ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡಳು. ಸರದಿಯ ನೀರು ಬಂದಾಗಲೇ ಅವಳಿಗೆ ತಿಳಿದಿತ್ತಂತೆ. ಅವಳ ಮನೆಯಲ್ಲೂ ಹೀಗೇ ಒಂದು ಕತೆಯಂತೆ. ಅವಳ ಅಜ್ಜಿಯ ಚಿಕ್ಕಪ್ಪನೊಬ್ಬ ಇಂಡಿಯಾಕ್ಕೆ ಹೋಗಿದ್ದ. ದಿನಾ ಆನೆಯ ಮೇಲೆ ಆಫೀಸಿಗೆ ಹೋಗುತ್ತೇನೆ, ಮಳೆ ಬಂದರೆ ಆನೆಯೇ ನನಗೆ ಕೊಡೆ ಹಿಡಿಯುತ್ತದೆ ಎಂದು ಮನೆಗೆ ಕಾಗದ ಬರೆಯುತ್ತಿದ್ದ. ಎಷ್ಟೋ ಕಾಲದ ಮೇಲೆ ತಿಳಿದದ್ದು, ಅವನು ಒಂದು ಸಾಬೂನಿನ ಗೋದಾಮಿನಲ್ಲಿ ಗುಮಾಸ್ತನಾಗಿದ್ದ, ನಡೆದುಕೊಂಡೇ ಹೋಗುತ್ತಿದ್ದ.

ಅವಳು ನಕ್ಕದ್ದರಿಂದ ನನಗೆ ಧೈರ್ಯ ಬಂತು. ಧೈರ್ಯ ಬಂದ ಕೂಡಲೇ ಕೆಟ್ಟ ಬುದ್ಧಿಯೂ ಬಂತು.

"ಒಂದು ಹೆಸರು ಕೊಡು," ಅಂದೆ. "ನಿಮ್ಮ ದೇಶದ್ದು. ಯಾವುದಾದರೂ."

ಅವಳು ತಲೆಯಾಡಿಸಿದಳು. ನಾನು ಕೈ ಹಿಡಿದುಕೊಂಡೆ. ಕೊನೆಗೆ ನಿಟ್ಟುಸಿರು ಬಿಟ್ಟು, ತನ್ನ ಅಜ್ಜಿಯ ಹಳ್ಳಿಯ ಹೆಸರು ಕೊಡುತ್ತೇನೆ ಎಂದಳು. ಅಲ್ಲಿ ನಾಲ್ಕು ಮನೆ, ಒಂದು ಪೆಟ್ರೋಲ್ ಪಂಪು ಇವೆಯಂತೆ, ಹೋದವರಿಗೆ ಯಾರೂ ಏನೂ ಅನ್ನುವುದಿಲ್ಲವಂತೆ. ಆ ಹೆಸರನ್ನು ಐದು ಸಲ ಹೇಳಿದಳು, ನನ್ನ ನಾಲಿಗೆ ಐದು ಸಲವೂ ಬೇರೆ ಬೇರೆ ಕಡೆ ಬಿತ್ತು. ಕಾಗದವಿರಲಿಲ್ಲ. ಅವಳು ಮುದುಕಿಯ ಮೆಹಂದಿ ಕೋನು ತೆಗೆದುಕೊಂಡು ನನ್ನ ಎಡ ಅಂಗೈಯ ಮೇಲೆ ಇಂಗ್ಲಿಷಿನಲ್ಲಿ ಬರೆಯತೊಡಗಿದಳು. ಹೆಸರು ಅಂಗೈ ದಾಟಿ, ಮಣಿಕಟ್ಟು ದಾಟಿ, ಬಳೆಯ ಹತ್ತಿರ ಹೋಗಿ ಮುಗಿಯಿತು.

ಮೆಹಂದಿ ಕಂಡು ಮುದುಕಿಗೆ ಎಲ್ಲ ಅರ್ಥವಾಯಿತು. ಈ ವಯಸ್ಸಿನಲ್ಲಿ ಮದುವೆ, ಅದಕ್ಕೇ ಅಷ್ಟು ಅಳು, ಕುಣಿತ. "ಮಬ್ರೂಕ್!" ಎಂದು ಹರಸಿ ನನ್ನ ಹಣೆಗೆ ಮುತ್ತಿಟ್ಟಳು. ಆ ಸಾಲಿನಲ್ಲಿದ್ದವರೆಲ್ಲ ಮಬ್ರೂಕ್ ಎಂದರು. ವರ ಯಾರು ಎಂದು ಒಬ್ಬಳು ಕೇಳಿದ್ದಕ್ಕೆ ಟೀಚರು ಏನೋ ಹೇಳಲು ಹೋಗಿ, ಐರ್ಲೆಂಡಿನವನು ಎಂಬರ್ಥ ಬರುವಂತೆ ಹೇಳಿಬಿಟ್ಟಳು.

ಹೊರಗೆ ಬಂದೆವು. ತಮ್ಮ ಗೋಡೆಯ ನೆರಳಲ್ಲಿ ಐದಾರು ಜನ ಒಮಾನಿ ಗಂಡಂದಿರ ನಡುವೆ ಚಹಾದ ಲೋಟ ಹಿಡಿದು ನಿಂತಿದ್ದ. ಅವರಿಗೆಲ್ಲ ತನ್ನ ಮುತ್ಯಾನ ಊರಿನಲ್ಲೂ ಇಂಥದೇ ಸಂತೆ ಇತ್ತೆಂದು ಹೇಳುತ್ತಿದ್ದ. ಒಬ್ಬ ಮುದುಕ ಬಹಳ ಗಂಭೀರವಾಗಿ, ಅಲ್ಲಿಯ ಗಂಡಸರೂ ಹೀಗೆ ಬಿಸಿಲಲ್ಲಿ ಕಾಯುತ್ತಿದ್ದರೇ, ಅವರಿಗೆ ಚಹಾ ಸಿಗುತ್ತಿತ್ತೇ ಎಂದು ವಿಚಾರಿಸುತ್ತಿದ್ದ. ನನ್ನನ್ನು ಕಂಡ ಕೂಡಲೇ ತಮ್ಮ ಅವನ ತೋಳು ಹಿಡಿದು ನನ್ನತ್ತ ತೋರಿಸಿದ.

"ಇವಳೇ ನನ್ನ ಅಕ್ಕ. ಶಾಲೆ ಬಿಟ್ಟು ಮೂರು ವರ್ಷ ಕುಳಿತು ಕೇಳಿದವಳು. ಇವಳ ಕಿವಿ ಇಲ್ಲದಿದ್ದರೆ ನಮಗೆ ಊರೇ ಇರುತ್ತಿರಲಿಲ್ಲ," ಎಂದು ಹಿಂದಿಯಲ್ಲಿ ಹೇಳಿದ. ಮುದುಕ ಎದೆಯ ಮೇಲೆ ಕೈಯಿಟ್ಟು ನನಗೆ ತಲೆಬಾಗಿದ.

ನಾನು ಅಂಗೈ ಬಿಡಿಸಿದೆ. ತಮ್ಮ ಬಗ್ಗಿ ಒಂದೊಂದೇ ಅಕ್ಷರ ಕೂಡಿಸಿ ಓದುತ್ತ ಮಣಿಕಟ್ಟಿನವರೆಗೆ ಬಂದ. "ಇಷ್ಟು ವರ್ಷ ಇದನ್ನ ಹೊಟ್ಟಿಯಾಗ ಇಟಗೊಂಡು ಕುಂತಿದ್ದೇನ ಅಕ್ಕಾ?" ಎಂದ.

ಮೂಗಿನಷ್ಟೇ ಕೆಂಪಾಗಿದ್ದ ಅವನ ಕಣ್ಣು ನೋಡಿ ನನಗೆ ತಡೆಯಲಾಗಲಿಲ್ಲ.

"ಅದು ನಮ್ಮ ಊರಲ್ಲೋ ತಮ್ಮಾ. ಈಕೀದು. ಈಗ ಒಳಗ ಇಸಗೊಂಡು ಬಂದೆ."

ಅವನಿಗೆ ತಿಳಿಯಲಿಲ್ಲ. ಮತ್ತೆ ಹೇಳಿದೆ. ಅಜ್ಜಿ ಹೇಳಿದ್ದನ್ನು ನಾನು ಕೇಳಿಯೇ ಇರಲಿಲ್ಲ ಎಂದೆ. ಅವನು ಒಂದೊಂದಾಗಿ ಕೇಳಿದ.

"ಒಂದ ಕಿವಿಯಾಂವ?"

"ನಮ್ಮ ಓಣಿಯಾಂವ. ನೀ ಕೂಸಿದ್ದಾಗ ಚಂಡಿಕಿ ಬಿಟ್ಟು ಕಟಿಂಗ್ ಮಾಡ್ತಿದ್ದ, ಅಂವನ."

"ಎಮ್ಮಿ?"

"ಅದೂ ನಮ್ಮ ಓಣೀದು."

"ಸಂತಿ?"

ನಾನು ಗೋಡೆ ತೋರಿಸಿದೆ. ಅವನು ಗೋಡೆಯಿಂದ ಬೆನ್ನು ತೆಗೆದು ಒಂದು ಹೆಜ್ಜೆ ಮುಂದೆ ಬಂದು ನಿಂತ.

"ಒಂದರ ಖರೇ ಐತೇನು?"

ಇತ್ತು, ಒಂದೇ ಒಂದು. ಓಣಿಯಲ್ಲಿ ಆಟ ನಿಂತಿದ್ದ ಯಾವುದೋ ಮಧ್ಯಾಹ್ನ ಅದು ನನ್ನ ಕಿವಿಗೆ ಬಿದ್ದಿತ್ತು. "ಅಲ್ಲಿದ್ದಾಗ ಮುತ್ಯಾನ ಕಾಲು ಯಾವಾಗ್ಲೂ ಹಸೀನ ಇರ್ತಿದ್ದುವಂತ. ಹುಬ್ಬಳ್ಳಿಗೆ ಬಂದ ಮ್ಯಾಲೆ ಒಣಗಿದುವಂತ. ತಿರುಗಿ ಹೋಗಂದ್ರೂ ಒಲ್ಲೆ ಅಂತಿದ್ದನಂತ."

"ಅದನ್ಯಾಕ ಹೇಳಲಿಲ್ಲ?"

"ನೀ ಊರು ಊರು ಅಂತ ಕುಣೀತಿದ್ದಿ. ಹೆಂಗ ಹೇಳ್ಲೋ?"

ಏನಾಯಿತು ಎಂದು ಮುದುಕ ಕೇಳಿದ. "ಐರ್ಲೆಂಡ್ ಖಲಾಸ್," ಎಂದ ತಮ್ಮ. ಮುದುಕ ಮರುಗಿ ಅವನ ಲೋಟಕ್ಕೆ ಚಹಾ ಸುರಿದ. ಅಷ್ಟರಲ್ಲಿ ಸಂತೆಯಿಂದ ಹೊರಬಂದ ಇಬ್ಬರು ಹೆಂಗಸರು ಅವನಿಗೂ "ಮಬ್ರೂಕ್" ಹೇಳಿ ಹೋದರು.

ಅವತ್ತಿನಿಂದ ಅವನು ನನ್ನೊಡನೆ ಮಾತು ಬಿಟ್ಟ. ಎದುರಿಗೇ ಕುಳಿತು ಉಣ್ಣುತ್ತ ಹೆಂಡತಿಗೆ, "ಆಕಿಗೆ ಉಪ್ಪಿನ ಡಬ್ಬಿ ಸರಿಸಾಕ ಹೇಳು" ಎನ್ನುತ್ತಿದ್ದ. ಅವಳು ಹೇಳುವ ಮೊದಲೇ ನಾನು ಡಬ್ಬಿ ಸರಿಸುತ್ತಿದ್ದೆ. ಇಂಥ ಕೋಪ ಅವನಿಗೆ ಹಿಂದೆಂದೂ ಬಂದಿರಲಿಲ್ಲ, ಬರಬೇಕಾದದ್ದೇ ಆಗಿತ್ತು. ಅಂಗಡಿಯಲ್ಲಿ ನನ್ನ ಕೈ ನೋಡಿದ ಗಿರಾಕಿಗಳು ಗಂಡನ ಹೆಸರು ಇಷ್ಟು ಉದ್ದವೇ ಎಂದು ಕೇಳಿದರು. ಮೂರನೆಯ ಬೆಳಿಗ್ಗೆ ಅವನು ಬಂದು, ನನ್ನ ಎಡಗೈ ಎತ್ತಿ, ಅಂಗೈಯದೊಂದು ಮಣಿಕಟ್ಟಿನದೊಂದು ಫೋಟೊ ತೆಗೆದುಕೊಂಡು, ಕೈಯನ್ನು ಇದ್ದ ಜಾಗದಲ್ಲೇ ಇಟ್ಟು ಹೊರಗೆ ಹೋದ.

ಬೇಸಿಗೆ ರಜೆಗೆ ನಾಲ್ವರೂ ಹೋದರು. ಮಕ್ಕಳು ಗೆಳೆಯರಿಗೆಲ್ಲ ಹೇಳಿಬಿಟ್ಟಿದ್ದರು, ಹೋಗದೆ ಉಪಾಯವಿರಲಿಲ್ಲ. ಟೀಚರ ಅಜ್ಜಿಯ ಹಳ್ಳಿಗೇ ಹೋದರು. ನಾನು ಇಲ್ಲಿ ಒಬ್ಬಳೇ ಎಸಿ ಹಾಕಿಕೊಂಡು ಕುಳಿತಿದ್ದೆ. ಐದನೆಯ ದಿನ ವಿಡಿಯೊ ಕರೆ ಬಂತು. ಎತ್ತಿದರೆ ತಮ್ಮ.

"ಅಕ್ಕಾ," ಎಂದ. ನಾಲ್ಕು ತಿಂಗಳ ನಂತರ ಕೇಳಿದ ಮೊದಲ ಅಕ್ಕಾ. ಹಿಂದೆ ಮಳೆ ಹೊಯ್ಯುತ್ತಿತ್ತು. ಅವನು ಫೋನು ತಿರುಗಿಸಿ ಹಸಿರು ಹೊಲ, ಕಲ್ಲಿನ ಗೋಡೆ ತೋರಿಸಿದ. "ಮುತ್ಯಾನ ಊರು ಹಿಂಗ ಇದ್ದಿರಬಹುದೇನ?"

ನನ್ನ ನಾಲಿಗೆಯ ತುದಿಗೆ ಆ ಗೋಡೆಯ ಹಿಂದೆ ಒಂದು ಬಾವಿ ಬಂದು ನಿಂತಿತು. ಬಾವಿಯ ಹತ್ತಿರ ಒಬ್ಬ ಕುಂಟ ಅಗಸನೂ ಬಂದ. ಹಲ್ಲು ಕಚ್ಚಿ ಹಿಡಿದೆ.

"ಗೊತ್ತಿಲ್ಲೋ ತಮ್ಮಾ."

ಇನ್ನೊಂದು ಗೋಡೆ ತೋರಿಸಿದ. ಗೊತ್ತಿಲ್ಲ ಅಂದೆ. ಪೆಟ್ರೋಲ್ ಪಂಪು ತೋರಿಸಿದ. ಅದೂ ಗೊತ್ತಿಲ್ಲ ಅಂದೆ. ಹಾಗೆ ಹಳ್ಳಿಯ ನಾಲ್ಕೂ ಮನೆ ಮುಗಿದವು. ಹಿಂದೆ ಮಕ್ಕಳು ಕೊಡೆಗಾಗಿ ಕಿತ್ತಾಡುತ್ತಿದ್ದರು, ಅವರ ಅವ್ವ ಇಬ್ಬರನ್ನೂ ಬೈಯುತ್ತಿದ್ದಳು. ತಮ್ಮ ಮುಖವನ್ನು ಫೋನಿನ ಹತ್ತಿರ ತಂದು ದನಿ ತಗ್ಗಿಸಿದ.

"ಅಕ್ಕಾ, ಇಲ್ಲಿ ನೋಡಾಕ ಏನೂ ಇಲ್ಲಬೇ. ಹುಡುಗ್ರಿಗೆ ಬ್ಯಾಸರ ಬಂದೈತಿ. ಒಂದರ ಹೇಳು. ಸುಳ್ಳರ ಹೇಳು."

"ಒಲ್ಲೆ," ಅಂದೆ.

"ಸಣ್ಣದು."

"ಒಲ್ಲೆ ಅಂದೆಲ್ಲಾ."

ಅವನು ಗೊಣಗುತ್ತ ಫೋನನ್ನು ಒಂದು ಆಕಳ ಕಡೆಗೆ ತಿರುಗಿಸಿ ಹಿಡಿದ. ಅದು ಮಳೆಯಲ್ಲಿ ನಿಂತು ನನ್ನನ್ನೇ ನೋಡಿತು. ಆಮೇಲೆ ನೆಟ್‌ವರ್ಕ್ ಹೋಯಿತು.

ಆ ಆಕಳಿಗೆ ಒಂದೇ ಕೋಡಿತ್ತು. ಇನ್ನೊಂದು ಹೇಗೆ ಹೋಯಿತು ಎಂಬುದು ಫೋನು ಕೆಳಗಿಡುವಷ್ಟರಲ್ಲಿ ನನಗೆ ಪೂರ್ತಿ ಹೊಳೆದಿತ್ತು. ಯಾರಿಗೂ ಹೇಳಿಲ್ಲ. ಇಲ್ಲಿಯೂ ಬರೆಯುವುದಿಲ್ಲ.